ನಕ್ಷೆಯಲ್ಲಿಲ್ಲದ ಫೋರ್ತ್ ಸೀಟ್

ನಮ್ಮ ದೇಶದ ರೈಲುಗಳ ಪುಟ್ಟ ಮಾದರಿಗಳನ್ನು ಮನೆಯಲ್ಲಿ ಓಡಿಸುವ ಬಹುತೇಕರ ಗಾಡಿ ಒಂದು ಸಣ್ಣ ಸುಳ್ಳಿನ ಮೇಲೆ ಓಡುತ್ತದೆ. ನಮ್ಮ ಬ್ರಾಡ್ ಗೇಜ್ ಹಳಿಗಳ ನಡುವಿನ ಅಗಲ 1676 ಮಿಲಿಮೀಟರ್. ಎಚ್‌ಒ ಎನ್ನುವ 1:87ರ ಅಳತೆಗೆ ಇಳಿಸಿದರೆ ಅದು 19 ಮಿಲಿಮೀಟರಿಗಿಂತ ತುಸು ಹೆಚ್ಚಿರಬೇಕು. ಆದರೆ ಅಂಗಡಿಯಲ್ಲಿ ಸಿಗುವ ಹಳಿ 16.5 ಮಿಲಿಮೀಟರಿನದು. ಅದು ಯುರೋಪು, ಅಮೆರಿಕಗಳ ಸ್ಟ್ಯಾಂಡರ್ಡ್ ಗೇಜಿನ ಲೆಕ್ಕ. ಹೀಗಾಗಿ ಬೋಗಿ ನಮ್ಮದು, ಹಳಿ ಅವರದು. ಇದು ಹವ್ಯಾಸಿಗಳಿಗೆಲ್ಲ ಗೊತ್ತು, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ತಲೆ ಕೆಡಿಸಿಕೊಳ್ಳಬೇಕಾಗಿಯೂ ಇಲ್ಲ. ಯಾವ ಮಾದರಿಯೂ ಮೂಲದ ಎಲ್ಲವನ್ನೂ ಉಳಿಸಿಕೊಳ್ಳಲಾರದು. ಹಾಗಿದ್ದ ಮೇಲೆ ಕೇಳಬೇಕಾದದ್ದು ಸುಳ್ಳಿದೆಯೋ ಇಲ್ಲವೋ ಎಂದಲ್ಲ. ಯಾವ ಸುಳ್ಳನ್ನು ಕ್ಷಮಿಸಬಹುದು, ಯಾವುದನ್ನು ಕ್ಷಮಿಸಬಾರದು ಎಂದು. ಹಳೆಯ ಕಾಲದ ಬೋಗಿಗಳನ್ನು ಮಾಡಹೊರಟವರಿಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಏಕೆಂದರೆ ಅವರು ಮಾಡುತ್ತಿರುವುದು ಬರೀ ಆಟಿಕೆಯಲ್ಲ, ಒಂದು ಬಗೆಯ ಚರಿತ್ರೆ.

ಡೊಂಬಿವಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಅಂಥವರೊಬ್ಬರು ಇದ್ದಾರೆಂದು ಇಟ್ಟುಕೊಳ್ಳಿ. ಭಾನುವಾರ ಮಾತ್ರ ಹರಡಿ, ಸಂಜೆ ಮತ್ತೆ ಲಾಫ್ಟಿಗೆ ಏರಿಸಬೇಕಾದ ಹಳಿ. ಅವರಿಗೆ 1930ರ ಡೆಕ್ಕನ್ ಕ್ವೀನ್ ಬೇಕು. ಸಹಜವೇ, ಆ ಗಾಡಿ ದಿನವೂ ಅವರ ಸ್ಟೇಷನ್ನಿನ ಮುಂದೆಯೇ ಹಾದುಹೋಗುತ್ತದೆ. ಆದರೆ ಆ ಕಾಲದ ಬೋಗಿ ಅಂಗಡಿಯಲ್ಲಿಲ್ಲ. ಸಿಗುವುದು ಪೆರಂಬೂರಿನ ಐಸಿಎಫ್ ಮಾದರಿಯದು ಅಥವಾ ಈಚಿನ ಎಲ್‌ಎಚ್‌ಬಿ. ಹಾಗಾಗಿ ಒಂದು ಒಳ್ಳೆಯ ಬೋಗಿ ಕೊಂಡು ಅದನ್ನೇ ಕೊಯ್ಯಬೇಕು. ಸಣ್ಣ ಗರಗಸದಿಂದ ಪಕ್ಕದ ಗೋಡೆ ಬಿಡಿಸಿ, ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಹೊಸ ಕಿಟಕಿಗಳನ್ನು ಕತ್ತರಿಸಿ, ಕೂದಲೆಳೆಯಂಥ ಪಟ್ಟಿಗಳನ್ನು ಅಂಟಿಸಿ, ಸಂದುಗಳಿಗೆ ಪುಟ್ಟಿ ತುಂಬಿ ಉಜ್ಜಿ, ಬಣ್ಣ ಹೊಡೆಯಬೇಕು. ಬಣ್ಣದ ಆಯ್ಕೆಯೂ ಉಂಟು: 1930ರ ಜೂನ್ 1ರಂದು ಶುರುವಾದ ಆ ಗಾಡಿಗೆ ಏಳೇಳು ಬೋಗಿಗಳ ಎರಡು ರೇಕುಗಳಿದ್ದವು. ಒಂದಕ್ಕೆ ಬೆಳ್ಳಿ ಬಣ್ಣದ ಮೇಲೆ ಕಡುಗೆಂಪು ಅಂಚು, ಇನ್ನೊಂದಕ್ಕೆ ಕಡುನೀಲಿಯ ಮೇಲೆ ಚಿನ್ನದ ಗೆರೆ. ಬೋಗಿಯ ಅಡಿಚೌಕಟ್ಟು ಇಂಗ್ಲೆಂಡಿನಿಂದ ಬಂದದ್ದು, ಮೇಲಿನ ಮೈ ನಮ್ಮ ಮಾಟುಂಗಾ ವರ್ಕ್‌ಶಾಪಿನಲ್ಲಿ ಕಟ್ಟಿದ್ದು.

ಹೊಚ್ಚ ಹೊಸ ಬೋಗಿಯನ್ನು ಕೊಯ್ಯುವುದು ಕೆಲವರ ಕಣ್ಣಿಗೆ ಅಪಚಾರ. ನನಗೆ ಹಾಗನ್ನಿಸುವುದಿಲ್ಲ. ರೈಲ್ವೆ ತಾನೇ ಇದನ್ನು ಮಾಡುತ್ತ ಬಂದಿದೆ. ವಯಸ್ಸಾದ ಪ್ರಯಾಣಿಕ ಬೋಗಿಗಳ ಕಿಟಕಿ ಮುಚ್ಚಿ, ಸೀಟು ಕಿತ್ತು, ಕಾರು ಸಾಗಿಸುವ ವ್ಯಾಗನ್ನುಗಳಾಗಿ ಬದಲಿಸುತ್ತಾರೆ. ಒಮ್ಮೊಮ್ಮೆ ಬೋಗಿಯನ್ನು ಮುಟ್ಟದೆಯೇ ಬದಲಿಸುವುದೂ ಉಂಟು. ಡೆಕ್ಕನ್ ಕ್ವೀನ್‌ನಲ್ಲಿ ಮೊದಲಿಗೆ ಇದ್ದದ್ದು ಮೊದಲ ಮತ್ತು ಎರಡನೇ ದರ್ಜೆ ಮಾತ್ರ. 1949ರ ಜನವರಿ 1ರಂದು ಮೊದಲನೆಯದನ್ನು ರದ್ದು ಮಾಡಿದರು, ಎರಡನೆಯದೇ ಮೊದಲನೆಯದಾಯಿತು. 1955ರ ಜೂನ್‌ನಲ್ಲಿ ಮೂರನೇ ದರ್ಜೆ ಬಂತು. 1974ರ ಏಪ್ರಿಲ್‌ನಿಂದ ಅದಕ್ಕೆ ಎರಡನೇ ದರ್ಜೆ ಎಂದು ಹೆಸರಿಟ್ಟರು. ಮಾದರಿ ಮಾಡುವವನು 1973ರ ಬೋಗಿಯನ್ನು 1975ಕ್ಕೆ ತರಲು ಮೂರು ಗೀಟುಗಳಲ್ಲಿ ಒಂದನ್ನು ಕೆರೆದು ತೆಗೆದರೆ ಸಾಕು. ದೊಡ್ಡ ರೈಲಿನಲ್ಲೂ ಆ ದಿನ ಎಷ್ಟೋ ಕಡೆ ನಡೆದದ್ದು ಅಷ್ಟೇ ಇರಬೇಕು. ಹಲಗೆ ಅದೇ, ಫ್ಯಾನು ಅದೇ, ಕೂತವರೂ ಅವರೇ.

ಈ ಇಸವಿಗಳನ್ನು ಇನ್ನೊಮ್ಮೆ ನೋಡಿ. ತನ್ನ ಮೊದಲ 25 ವರ್ಷ ಡೆಕ್ಕನ್ ಕ್ವೀನ್‌ನಲ್ಲಿ ಮೂರನೇ ದರ್ಜೆಯೇ ಇರಲಿಲ್ಲ. ಅಂದರೆ ಈ ದೇಶದಲ್ಲಿ ರೈಲು ಹತ್ತುತ್ತಿದ್ದ ಬಹುಪಾಲು ಜನಕ್ಕೆ ಅದರಲ್ಲಿ ಜಾಗವಿರಲಿಲ್ಲ. ಆದ್ದರಿಂದ 1930ರ ರೇಕನ್ನು ಎಷ್ಟು ನಿಷ್ಠೆಯಿಂದ ಮಾಡಿದರೂ ಅದರಲ್ಲಿ ಅವರು ಇರುವುದಿಲ್ಲ. ಇರಿಸಿದರೆ ಅದೇ ತಪ್ಪು. ಇಲ್ಲಿ ಹವ್ಯಾಸಿಯನ್ನು ದೂರುವಂತಿಲ್ಲ. ಬೋಗಿಗೆ ಬೋಗಿ ಎಲ್ಲವೂ ಸತ್ಯ.

ಆದರೆ ಒಂದೊಂದು ಬೋಗಿಯೂ ಸತ್ಯವಾಗಿದ್ದು, ಇಡೀ ಮೇಜು ಸುಳ್ಳಾಗಿರಲು ಸಾಧ್ಯ. ಮೇಜಿನ ಮೇಲೆ ಡೆಕ್ಕನ್ ಕ್ವೀನ್, ಪಕ್ಕದಲ್ಲಿ ಒಂದು ರಾಜರ ಸಲೂನ್, ಹಿಂದೆ ಊಟದ ಬೋಗಿ, ಇಷ್ಟೇ ಇದ್ದರೆ ನೋಡುವ ಮಗು ಏನು ತಿಳಿಯುತ್ತದೆ? ಹಿಂದಿನ ಕಾಲದಲ್ಲಿ ರೈಲು ಪ್ರಯಾಣ ಬಹಳ ಸೊಗಸಾಗಿತ್ತು ಎಂದು. ಇದು ಮೇಜಿಗೆ ಮಾತ್ರ ಬಂದ ಕಾಯಿಲೆಯಲ್ಲ. ಮೈಸೂರಿನ ರೈಲು ಮ್ಯೂಸಿಯಂಗೆ ಹೋಗಿ ಬಂದವರು ನೆನಪಿಟ್ಟುಕೊಳ್ಳುವುದು 1899ರ ಮಹಾರಾಣಿಯ ಸಲೂನನ್ನು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ನಮ್ಮ ಥಾಣೆಗೆ ಬಂದ ಮೊದಲ ರೈಲಿನ 14 ಬೋಗಿಗಳಲ್ಲಿ ಕೂತವರೂ ಸುಮಾರು 400 ಮಂದಿ ಆಹ್ವಾನಿತರೇ. ಚೆಂದದ ಬೋಗಿ ಜೋಪಾನದಲ್ಲಿರುತ್ತದೆ, ಉಳಿಯುತ್ತದೆ, ಫೋಟೋ ಆಗುತ್ತದೆ, ಮಾದರಿಯೂ ಆಗುತ್ತದೆ. ದುಡಿಯುವ ಬೋಗಿ ಸವೆದು ಗುಜರಿಗೆ ಹೋಗುತ್ತದೆ. ಯಾರೂ ಸುಳ್ಳು ಹೇಳದೆಯೇ ಚರಿತ್ರೆ ಒಂದು ಕಡೆಗೆ ವಾಲುವುದು ಹೀಗೆ.

ಹಾಗಾದರೆ ಒಂದು ಮೂರನೇ ದರ್ಜೆಯ ಬೋಗಿಯನ್ನು ಸೇರಿಸಿಬಿಟ್ಟರೆ ಲೆಕ್ಕ ಚುಕ್ತಾ ಆಯಿತೇ? ಇಲ್ಲ, ಅಲ್ಲಿಂದಲೇ ಇನ್ನೊಂದು ತೊಡಕು. 1917ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಮುಂಬಯಿಯಿಂದ ಮದರಾಸಿಗೆ ಮೇಲ್ ಗಾಡಿಯ ಮೂರನೇ ದರ್ಜೆಯಲ್ಲಿ ಹೋದರು. ಟಿಕೆಟ್ಟಿಗೆ ಕೊಟ್ಟದ್ದು 13 ರೂಪಾಯಿ 9 ಆಣೆ. ಆ ಅನುಭವವನ್ನು ಪತ್ರಿಕೆಗಳಿಗೆ ಬರೆದರು, ಅದು ಅದೇ ವರ್ಷ ಪುಸ್ತಿಕೆಯಾಗಿಯೂ ಬಂತು. ಅವರ ಬೋಗಿಯ ಮೇಲೆ 22 ಜನರಿಗೆ ಎಂದು ಬರೆದಿತ್ತು. ಅದು ಕೂರುವ ಲೆಕ್ಕ, ಮಲಗುವುದಲ್ಲ. ದಾರಿಯಲ್ಲಿ ಎರಡು ರಾತ್ರಿ. ಪುಣೆಯವರೆಗೆ ಹೇಗೋ ಆ ಸಂಖ್ಯೆ ಮೀರಲಿಲ್ಲ, ಅದೂ ಒಳಗಿದ್ದ ಗಟ್ಟಿಗರು ಬೇರೆಯವರನ್ನು ಹತ್ತಲು ಬಿಡದ್ದರಿಂದ. ರಾಯಚೂರು ದಾಟಿದ ಮೇಲೆ ನೂಕುನುಗ್ಗಲು ತಡೆಯಲಾರದಷ್ಟಾಯಿತು. ಪಾಯಿಖಾನೆಯನ್ನು ದಾರಿಯುದ್ದಕ್ಕೂ ತೊಳೆಯಲಿಲ್ಲ, ತೊಟ್ಟಿಯಲ್ಲಿ ನೀರಿರಲಿಲ್ಲ.

ಈಗ ಆ ಬೋಗಿಯ ಮಾದರಿ ಮಾಡುವವನ ಮುಂದೆ ಎರಡು ದಾಖಲೆಗಳಿವೆ. ಗೋಡೆಯ ಮೇಲಿನ ಬರಹ 22 ಅನ್ನುತ್ತದೆ, ಪ್ರಯಾಣಿಕ ಬೇರೆ ಅನ್ನುತ್ತಾನೆ. ಎರಡೂ ನಿಜ. ಬರಹವನ್ನು ಭೂತಗನ್ನಡಿ ಹಿಡಿದು ಚಾಚೂ ತಪ್ಪದೆ ಬರೆಯುತ್ತೇವೆ, ಒಳಗಿನ ಬೆಂಚುಗಳನ್ನು ಖಾಲಿ ಬಿಡುತ್ತೇವೆ. ಅಂದರೆ ರೈಲ್ವೆ ಕಂಪನಿಯ ಮಾತನ್ನು ನಂಬಿದೆವು, ಕೂತವನ ಮಾತನ್ನು ಬಿಟ್ಟೆವು.

ಇದು ನೂರು ವರ್ಷ ಹಿಂದಿನ ಸಂಗತಿ ಎಂದು ನಾವು ಸುಮ್ಮನಾಗುವಂತೆಯೂ ಇಲ್ಲ. ಕಲ್ಯಾಣದಿಂದಲೋ ವಾಶಿಯಿಂದಲೋ ಲೋಕಲ್ ಹಿಡಿಯುವ ನಮಗೆಲ್ಲ ಫೋರ್ತ್ ಸೀಟ್ ಗೊತ್ತು. ಮೂವರ ಬೆಂಚಿನ ತುದಿಯಲ್ಲಿ, ಅರ್ಧ ಮೈ ಒಳಗೆ, ಅರ್ಧ ಮೈ ದಾರಿಯಲ್ಲಿ ಕೂರುವ ನಾಲ್ಕನೆಯವನ ಜಾಗ ಅದು. ಬೋಗಿಯ ಯಾವ ನಕ್ಷೆಯೂ ಅದನ್ನು ತೋರಿಸುವುದಿಲ್ಲ. ಆದರೂ ಅದಕ್ಕೊಂದು ಹೆಸರಿದೆ, ನಿಯಮವಿದೆ, ‘ಸ್ವಲ್ಪ ಸರಕಾ’ ಎಂದು ಕೇಳುವ ಹಕ್ಕೂ ಇದೆ. ಐವತ್ತು ವರ್ಷದ ನಂತರ ಯಾರೋ ನಮ್ಮ ಲೋಕಲ್ಲಿನ ಮಾದರಿಯನ್ನು ನಕ್ಷೆ ನೋಡಿ ಮಾಡಿದರೆ ಒಂದು ಬೋಲ್ಟೂ ತಪ್ಪಿರಲಾರದು, ಆದರೆ ಫೋರ್ತ್ ಸೀಟ್ ಇರುವುದಿಲ್ಲ. ಅದನ್ನು ನೋಡಿದರೆ ನಮಗೆ ಏನನ್ನಿಸಬಹುದು? ಹಳಿ ಎರಡೂವರೆ ಮಿಲಿಮೀಟರು ಕಿರಿದಾದದ್ದನ್ನು ನಾವು ಕ್ಷಮಿಸಿಯೇವು. ನಾವು ಇರಲೇ ಇಲ್ಲವೆಂಬಂತೆ ಮಾಡಿದ್ದನ್ನು ಕ್ಷಮಿಸುವುದು ಕಷ್ಟ. ಮೊದಲ ಸುಳ್ಳಿನಿಂದ ಯಾರ ಬಾಳೂ ಮರೆಯಾಗುವುದಿಲ್ಲ, ಎರಡನೆಯದರಿಂದ ಆಗುತ್ತದೆ. ನನ್ನ ಮಟ್ಟಿಗೆ ವ್ಯತ್ಯಾಸವಿರುವುದು ಇಲ್ಲಿ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಒಂದು, ಹವ್ಯಾಸ ಇರುವುದು ಸಂತೋಷಕ್ಕೆ; ವಾರವಿಡೀ ಗರ್ದಿಯಲ್ಲಿ ನಿಂತು ಬಂದವನು ಭಾನುವಾರವೂ ಗರ್ದಿಯನ್ನೇ ಮಾಡಬೇಕೇ? ಬೇಡ. ಚೆಂದದ್ದನ್ನು ಮಾತ್ರ ಮಾಡಿ, ‘ನನಗೆ ಇದು ಚೆಂದ’ ಎಂದರೆ ಯಾರ ತಕರಾರೂ ಇಲ್ಲ. ಅದನ್ನೇ ತೋರಿಸಿ ‘ಹಿಂದೆ ಹೀಗಿತ್ತು’ ಎಂದ ಕೂಡಲೇ ಜವಾಬ್ದಾರಿ ಬೆನ್ನಿಗೆ ಬೀಳುತ್ತದೆ.

ಎರಡನೆಯದು ಇನ್ನೂ ಗಟ್ಟಿ ಆಕ್ಷೇಪ. ಇನ್ನೊಬ್ಬರ ಕಷ್ಟವನ್ನು ಎರಡು ಸೆಂಟಿಮೀಟರಿನ ಗೊಂಬೆಗಳಾಗಿ ಮಾಡಿ ಡ್ರಾಯಿಂಗ್ ರೂಮಿನಲ್ಲಿ ಸುತ್ತಿಸುವುದು ಸಭ್ಯವೇ? ನನಗೂ ಇದು ಕಸಿವಿಸಿಯ ಪ್ರಶ್ನೆ. ತಮಾಷೆಗಾಗಿ, ‘ಇಂಡಿಯಾ ಅಂದರೆ ಹೀಗೇ’ ಎಂದು ನಗಿಸಲು ಛಾವಣಿಯ ಮೇಲೆಲ್ಲ ಗೊಂಬೆ ಅಂಟಿಸುವವರೂ ಇರಬಹುದು. ಅದಕ್ಕಿಂತ ಖಾಲಿ ಬೋಗಿಯೇ ವಾಸಿ. ಆದರೆ ಊಟದ ಬೋಗಿಯ ಮೇಜುದೀಪಕ್ಕೆ ಕೊಟ್ಟಷ್ಟೇ ಗಮನವನ್ನು ಮೂರನೇ ದರ್ಜೆಯ ಹಲಗೆಗೂ, ಅದರ ಮೇಲೆ ಟ್ರಂಕು ತಬ್ಬಿ ಕೂತವನಿಗೂ ಕೊಟ್ಟರೆ ಅದು ಗೇಲಿಯಾಗುವುದಿಲ್ಲ. ಗೇಲಿಗೂ ಗೌರವಕ್ಕೂ ಇರುವ ಅಂತರ ಕೈ ಎಷ್ಟು ಹೊತ್ತು ಅಲ್ಲಿ ನಿಂತಿತು ಎಂಬುದರಲ್ಲಿದೆ.

ಟ್ರಂಕಿನ ಮಾತು ಸುಮ್ಮನೆ ಬಂದದ್ದಲ್ಲ. ಹುಬ್ಬಳ್ಳಿ, ಬೆಳಗಾವಿ ಕಡೆಯವರು ಒಂದು ಕಾಲಕ್ಕೆ ಮೀಟರ್ ಗೇಜಿನಲ್ಲಿ ಪುಣೆಗೆ ಬಂದು, ಅಲ್ಲಿ ಸಾಮಾನು ಹೊತ್ತು ಬ್ರಾಡ್ ಗೇಜಿನ ಗಾಡಿಗೆ ಬದಲಾಯಿಸಿ, ಘಟ್ಟ ಇಳಿದು ಕಲ್ಯಾಣಕ್ಕೆ ಬರುತ್ತಿದ್ದರು. ರಾಯಚೂರು, ಕಲಬುರಗಿಯವರು ಗಾಂಧೀಜಿ ಹೋದ ಹಾದಿಯಲ್ಲೇ ಎದುರು ದಿಕ್ಕಿನಿಂದ ಬಂದರು. ಕ್ಯಾಂಟೀನಿನ ಹುಡುಗರು, ಗಿರಣಿ ಕೆಲಸಕ್ಕೆ ಬಂದವರು, ರಾತ್ರಿ ಶಾಲೆಯಲ್ಲಿ ಓದಿ ಗುಮಾಸ್ತರಾದವರು, ನಮ್ಮಲ್ಲಿ ಅನೇಕರ ಅಜ್ಜ, ಅಪ್ಪಂದಿರು. ಅವರು ಬಂದದ್ದು ಸಲೂನಿನಲ್ಲಲ್ಲ. ಡೆಕ್ಕನ್ ಕ್ವೀನ್ ಹಾದುಹೋಗುವಾಗ ಇವರು ಪಕ್ಕದ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದವರು.

ಹಾಗಾಗಿ ನಮ್ಮ ನಡುವಿನ ಹವ್ಯಾಸಿಗಳಲ್ಲಿ ನನ್ನದೊಂದು ಕೋರಿಕೆ. ನೀಲಿ-ಚಿನ್ನದ ಆ ಏಳು ಬೋಗಿಗಳನ್ನು ಖಂಡಿತ ಮಾಡಿ, ಅವು ನಮ್ಮ ಮಾಟುಂಗಾದ ಕೆಲಸಗಾರರ ಕೈಚಳಕವೂ ಹೌದು. ಪಕ್ಕದ ಹಳಿಯಲ್ಲಿ ಒಂದು ಮೂರನೇ ದರ್ಜೆಯ ಬೋಗಿ ನಿಲ್ಲಿಸಿ. ಅದರ ಗೋಡೆಯ ಮೇಲೆ ಕಂಪನಿ ಬರೆದ 22 ಹಾಗೆಯೇ ಇರಲಿ. ಒಳಗೆ ಎಣಿಸಿ ಇಪ್ಪತ್ತಮೂರನೆಯವನನ್ನೂ ಕೂರಿಸಿ.