ಪೌಲನ ಕೈಗೆ ಕಚ್ಚಿದ ಹಾವು, ನಮ್ಮ ತೋಟದ ಕೊಳಕುಮಂಡಲ

ವಾರವೆಲ್ಲ ಬೆಂಗಳೂರಲ್ಲಿ ಕೆಲಸ ಮಾಡಿ, ಶನಿವಾರ ರಾತ್ರಿ ಅರಸೀಕೆರೆ ಸ್ಟೇಷನ್ನಲ್ಲಿ ಇಳಿದು, ಹಳೇಬೀಡು, ಬೇಲೂರು ಕಡೆಯ ಹಳ್ಳಿಗಳಿಗೆ ಬೈಕಲ್ಲಿ ಹೋಗೋ ಯೌವನಸ್ಥರು ಇಲ್ಲಿ ತುಂಬಾ ಜನ ಇದ್ದೀರಿ. ಇವತ್ತಿನ ಸಂದೇಶ ನಿಮಗೆ.

ಅಪೊಸ್ತಲರ ಕೃತ್ಯಗಳು 28ನೇ ಅಧ್ಯಾಯ ತೆಗೀರಿ. ಹಡಗು ಒಡೆದು ಪೌಲ ಮೆಲಿತೆ ದ್ವೀಪ ಸೇರಿದ್ದಾನೆ. ಮಳೆ, ಚಳಿ. ಬೆಂಕಿಗೆ ಹಾಕೋಕೆ ಕಟ್ಟಿಗೆ ಕೂಡಿಸ್ತಾನೆ, ಅದರೊಳಗಿಂದ ಹಾವು ಬಂದು ಕೈಗೆ ಕಚ್ಚುತ್ತೆ. ಅವನು ಅದನ್ನ ಬೆಂಕಿಗೆ ಝಾಡಿಸಿಬಿಡ್ತಾನೆ, ಏನೂ ಆಗಲ್ಲ. ಹಲ್ಲೆಲೂಯ! ಆದರೆ ಒಂದು ಗಮನಿಸಿ. ಪೌಲ ಹಾವನ್ನ ಹುಡುಕಿಕೊಂಡು ಹೋಗಲಿಲ್ಲ. ಸೌದೆ ಆರಿಸ್ತಿದ್ದ. ನಿಮ್ಮಪ್ಪ ತೋಟದಲ್ಲಿ ಒಣಗಿದ ತೆಂಗಿನ ಗರಿ ಎಳೆಯೋ ಹಾಗೆ.

ಮಾರ್ಕ 16ರಲ್ಲಿ ಹಾವುಗಳನ್ನ ಎತ್ತುವ ಮಾತಿದೆ. ಅಮೆರಿಕದ ಅಪಲಾಚಿಯನ್ ಬೆಟ್ಟಗಳಲ್ಲಿ ಕೆಲವು ಪೆಂತೆಕೊಸ್ತ್ ಸಭೆಗಳು ಅದನ್ನ ಆಜ್ಞೆ ಅಂತಲೇ ತಗೊಂಡ್ವು. ಬಾಲದ ತುದಿಯಲ್ಲಿ ಗಿಲಕಿ ಥರ ಸದ್ದು ಮಾಡೋ ರ‍್ಯಾಟಲ್‌ಸ್ನೇಕನ್ನ ಆರಾಧನೆಯಲ್ಲೇ ಕೈಯಲ್ಲಿ ಹಿಡೀತಾರೆ. ಈ ಪದ್ಧತಿ ಹರಡಿದವರಲ್ಲಿ ಮುಖ್ಯನಾದ ಜಾರ್ಜ್ ವೆಂಟ್ ಹೆನ್ಸ್ಲಿ 1955ರಲ್ಲಿ ಹಾವು ಕಚ್ಚಿಯೇ ತೀರಿಕೊಂಡರು. 2014ರಲ್ಲಿ ಕೆಂಟಕಿಯ ಪಾಸ್ಟರ್ ಜೇಮಿ ಕೂಟ್ಸ್ ಚಿಕಿತ್ಸೆ ಬೇಡ ಅಂದು ಮನೆಯಲ್ಲೇ ಪ್ರಾಣ ಬಿಟ್ಟರು. ನಗಬೇಡಿ. ಕಚ್ಚಿದ ಮೇಲೆ ಅವರು ಮಾಡಿದ ತಪ್ಪನ್ನೇ ನಾನೂ ಮಾಡಿದೀನಿ.

ಎರಡು ವರ್ಷದ ಹಿಂದೆ, ಹಳೇಬೀಡು ಹತ್ತಿರ ರಾಗಿ ಕೊಯ್ಲಿನ ಸಮಯ. ನಮ್ಮ ಒಬ್ಬ ಸಹೋದರನ ಕಾಲಿಗೆ ಕೊಳಕುಮಂಡಲ ಕಚ್ಚಿತು. ಮನೆಯವರು ನನಗೆ ಫೋನ್ ಮಾಡಿದ್ರು. ಆಸ್ಪತ್ರೆಗೆ ಹೊರಡಿ ಅನ್ನಲಿಲ್ಲ ನಾನು. "ಬರ್ತೀನಿ, ಪ್ರಾರ್ಥನೆ ಮಾಡೋಣ" ಅಂದೆ. ಎಣ್ಣೆ ಹಚ್ಚಿ ಎರಡು ಗಂಟೆ ಪ್ರಾರ್ಥಿಸಿದ್ವಿ. "ಪಾಸ್ಟ್ರೇ, ವಸಡಲ್ಲಿ ರಕ್ತ ಬರ್ತಾ ಇದೆ" ಅಂತ ಅವನ ತಾಯಿ ಅಂದಾಗ ಎದ್ದೆ. ಜೀವ ಉಳೀತು, ಕಿಡ್ನಿ ಹೋಯ್ತು. ಆ ವಿಷ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತೆ, ಕಿಡ್ನಿಗೂ ಹೊಡೆಯುತ್ತೆ. ಪ್ರಾರ್ಥಿಸಿದ್ದು ತಪ್ಪಲ್ಲ. ಗಾಡಿಯಲ್ಲಿ ಕೂತು ಪ್ರಾರ್ಥಿಸಬೇಕಿತ್ತು.

ಸೈತಾನ ಯೇಸುವನ್ನ ದೇವಾಲಯದ ಶಿಖರದ ಮೇಲೆ ನಿಲ್ಲಿಸಿ ಕೆಳಗೆ ಧುಮುಕು ಅಂದಾಗ ಬಳಸಿದ್ದು 91ನೇ ಕೀರ್ತನೆ. ಹಾವನ್ನ ತುಳಿಯೋ ವಾಗ್ದಾನ ಇರೋದೂ ಅದೇ ಕೀರ್ತನೆಯಲ್ಲಿ! ಯೇಸು ಧುಮುಕಲಿಲ್ಲ. ದೇವರನ್ನ ಪರೀಕ್ಷಿಸಬಾರದು ಅಂದ. ಇನ್ನೊಂದು, ಮೆಲಿತೆಯಲ್ಲಿ ಪೌಲನ ಜೊತೆಗಿದ್ದ ಲೂಕ ಯಾರು? ವೈದ್ಯ. ಡಾಕ್ಟರ್ ಜೊತೆಗಿದ್ದಿದ್ದಕ್ಕೆ ಪೌಲನ ನಂಬಿಕೆ ಕಡಿಮೆ ಆಯ್ತಾ?

ರ‍್ಯಾಟಲ್‌ಸ್ನೇಕ್ ನಮ್ಮ ದೇಶದಲ್ಲಿಲ್ಲ. ನಮ್ಮಲ್ಲಿರೋ ಕೊಳಕುಮಂಡಲದ ಬೆನ್ನ ಮೇಲೆ ಸರಪಳಿ ಥರ ಕಂದು ಮಚ್ಚೆ, ಕೆಣಕಿದರೆ ಕುಕ್ಕರ್ ಹಾಗೆ ಬುಸುಗುಡುತ್ತೆ. ಹೆಬ್ಬಾವಿನ ಮರಿ ಅಂತ ಮುಟ್ಟೋಕೆ ಹೋಗಬೇಡಿ, ರೀಲ್ಸ್ ಮಾಡೋಕಂತೂ ಬೇಡವೇ ಬೇಡ. ಕಾಯಿ ಸಿಪ್ಪೆ ರಾಶಿ, ರಾಗಿ ಹುಲ್ಲಿನ ಮೆದೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಇದು. ರಾತ್ರಿ ಟಾರ್ಚ್, ಕಾಲಿಗೆ ಬೂಟು. ಗರಿ ಎಳೆಯೋ ಮೊದಲು ಉದ್ದ ಕೋಲಲ್ಲಿ ಸರಿಸಿ. ಕಟ್ಟುಹಾವು ಬೇರೆ ಥರ. ನೆಲದ ಮೇಲೆ ಮಲಗಿದವರಿಗೆ ನಿದ್ದೆಯಲ್ಲೇ ಕಚ್ಚುತ್ತೆ, ನೋವೂ ಅಷ್ಟಾಗಿ ಗೊತ್ತಾಗಲ್ಲ. ಅಜ್ಜಿಗೆ ಮಂಚ ಕೊಡಿಸಿ, ಸೊಳ್ಳೆಪರದೆಯ ಅಂಚನ್ನ ಹಾಸಿಗೆ ಕೆಳಗೆ ಸಿಕ್ಕಿಸಿ.

ಕಚ್ಚಿದರೆ ಕುಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಹಗ್ಗ ಕಟ್ಟಬೇಡಿ, ನಾಟಿ ಮದ್ದು ಅಂತ ಅಲೆಯಬೇಡಿ. ಉಂಗುರ, ಕಾಲುಂಗುರ ತೆಗೆದು, ಕಾಲು ಅಲ್ಲಾಡದ ಹಾಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ. ಹಾವನ್ನ ಹೊಡೆದು ಹಿಡ್ಕೊಂಡು ಹೋಗೋ ಅಗತ್ಯ ಇಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ನಾಲ್ಕಕ್ಕೂ ಒಂದೇ ಇಂಜೆಕ್ಷನ್. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಅಂದಾಜು 12 ಲಕ್ಷ ಜನ ಸತ್ತಿದ್ದಾರೆ, ಹೆಚ್ಚಿನವರು ಹಳ್ಳಿಯವರು. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ಮಾಡಿತು.

ಈಗ ಎದ್ದು ನಿಲ್ಲೋಣ. ಆ ಸಹೋದರನಿಗಾಗಿ ಪ್ರಾರ್ಥಿಸೋಣ. ನಾಳೆ ಬೆಳಗ್ಗೆ ಅವನಿಗೆ ಹಾಸನದಲ್ಲಿ ಡಯಾಲಿಸಿಸ್ ಇದೆ. ಕಾರು ಇರೋರು ಯಾರಾದರೂ ಆಮೆನ್ ಆದ ಮೇಲೆ ನನ್ನ ಹತ್ತಿರ ಬನ್ನಿ, ಆರು ಗಂಟೆಗೆ ಹೊರಡಬೇಕು.