ನೋವಿಗೆ ಕೈ ಎತ್ತುವ ಹಕ್ಕಿದೆಯೇ?



ನಮ್ಮ ಸಂಘದ ಕುಟುಂಬಗಳಲ್ಲಿ ಒಬ್ಬರಾದರೂ ಎನ್.ಎಚ್.ಎಸ್.ನಲ್ಲಿ ದುಡಿಯದ ಮನೆ ಅಪರೂಪ. ಡಾಕ್ಟರು, ನರ್ಸು, ಫಾರ್ಮಸಿಸ್ಟು, ಸರ್ಜರಿಯ ರಿಸೆಪ್ಷನ್ನಿನಲ್ಲಿ ಕೂರುವವರು, ಹೀಗೆ ಯಾರಾದರೊಬ್ಬರು ಇದ್ದೇ ಇರುತ್ತಾರೆ. ಇವರಲ್ಲಿ ಎಷ್ಟು ಮಂದಿ ಕೆಲಸದ ಜಾಗದಲ್ಲಿ ಪೆಟ್ಟು ತಿಂದಿದ್ದಾರೆಂದು ನಾವು ಕೇಳುವುದಿಲ್ಲ, ಅವರೂ ಹೇಳುವುದಿಲ್ಲ. ಎನ್.ಎಚ್.ಎಸ್. ವರ್ಷವರ್ಷವೂ ನಡೆಸುವ ನೌಕರರ ಸಮೀಕ್ಷೆಯಲ್ಲಿ, ಸುಮಾರು ಏಳರಲ್ಲಿ ಒಬ್ಬರು, ರೋಗಿಗಳಿಂದ ಅಥವಾ ಅವರ ಕಡೆಯವರಿಂದ ಹಿಂದಿನ ಹನ್ನೆರಡು ತಿಂಗಳಲ್ಲಿ ಒಮ್ಮೆಯಾದರೂ ಹೊಡೆತ ತಿಂದದ್ದಾಗಿ ತಿಳಿಸಿದ್ದಾರೆ.

ಹೊಡೆದವನು ಬರೀ ದುಷ್ಟನಾದರೆ ವಿಚಾರ ಸುಲಭ, ಅದಕ್ಕೆ ಪೊಲೀಸರಿದ್ದಾರೆ. ತೊಡಕೆಂದರೆ, ಬಹಳ ಸಲ ಹೊಡೆಯುವವನೂ ನೋವಿನಲ್ಲಿ ಬೆಂದವನೇ. ಹಾಗಾದರೆ ಅವನ ನೋವು ಅವನಿಗೆ ಕೈ ಎತ್ತುವ ಹಕ್ಕು ಕೊಡುತ್ತದೆಯೇ?

ನಮ್ಮೂರಿನದೇ ಒಂದು ಪ್ರಸಂಗ ನೋಡೋಣ. 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಪೊರೆಯ ಆಪರೇಷನ್ ಮಾಡಿಸಿಕೊಂಡ ಹಲವರು ದೃಷ್ಟಿ ಕಳೆದುಕೊಂಡರು. ಬಳಸಿದ ಔಷಧದಲ್ಲೇ ದೋಷವಿತ್ತೆಂದು ಆಸ್ಪತ್ರೆ ಹೇಳಿತು. ಅವರಿಗೆ ಪರಿಹಾರ ಕೇಳುತ್ತ ನವೆಂಬರ್ 1ರಂದು, ರಾಜ್ಯೋತ್ಸವದ ದಿನವೇ, ಕನ್ನಡಪರ ಸಂಘಟನೆಯೊಂದರ ಕಾರ್ಯಕರ್ತರು ಆಸ್ಪತ್ರೆಗೆ ನುಗ್ಗಿದರು. ಕನ್ನಡ ಬಾರದೆಂದು ನಿಂದಿಸಿದರು, ಹಲ್ಲೆ ಮಾಡಿದರು ಎಂದು ಕಿರಿಯ ವೈದ್ಯರು ದೂರಿತ್ತು ಮುಷ್ಕರ ಹೂಡಿದರು. ಹೊರರೋಗಿ ವಿಭಾಗಗಳು ಮುಚ್ಚಿದವು.

ಕಣ್ಣು ಕಳೆದುಕೊಂಡವರ ದುಃಖ ನಿಜ, ಅವರ ಪ್ರಶ್ನೆ ನ್ಯಾಯವಾದದ್ದು. ಆದರೆ ಆ ಸಿಟ್ಟು ತಲುಪಿದ್ದು ಯಾರನ್ನು? ಔಷಧ ತಯಾರಿಸಿದವರನ್ನಲ್ಲ, ಅದನ್ನು ಕೊಳ್ಳಲು ಸಹಿ ಹಾಕಿದವರನ್ನಲ್ಲ. ಆ ಹೊತ್ತಿಗೆ ಎದುರಿಗೆ ನಿಂತಿದ್ದವರನ್ನು. ಕಡೆಗೆ ಅದರ ಬೆಲೆ ತೆತ್ತವರು ಬಸ್ಸು ಹತ್ತಿ ಬಂದು ಬಾಗಿಲು ಮುಚ್ಚಿದ್ದನ್ನು ಕಂಡ ಬಡ ರೋಗಿಗಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಇನ್ನೊಂದು ಬಗೆಯ ಪೆಟ್ಟೂ ಇದೆ. ಮರೆವಿನ ಕಾಯಿಲೆಯ ಅಜ್ಜನೊಬ್ಬ, ಬಟ್ಟೆ ಬದಲಿಸಲು ಬಂದ ನರ್ಸನ್ನು ಕಳ್ಳಿಯೆಂದು ತಿಳಿದು ಕೈ ತಿರುಚುತ್ತಾನೆ. ಅವನಲ್ಲಿ ತಪ್ಪಿಲ್ಲ. ಆದರೆ ಉಳುಕಿದ ಮಣಿಕಟ್ಟು ಉಳುಕಿದ್ದೇ. ಇಲ್ಲಿ ನಾವು ಎರಡು ಮಾತುಗಳನ್ನು ಬೇರೆ ಮಾಡಿಕೊಳ್ಳಬೇಕು: ಅರ್ಥ ಮಾಡಿಕೊಳ್ಳುವುದು ಬೇರೆ, ಒಪ್ಪಿಕೊಳ್ಳುವುದು ಬೇರೆ. ಅಜ್ಜನನ್ನು ಅರ್ಥ ಮಾಡಿಕೊಳ್ಳೋಣ. ಆದರೆ "ಇದೆಲ್ಲ ಕೆಲಸದ ಭಾಗ, ಸಹಿಸಿಕೊಳ್ಳಮ್ಮ" ಎನ್ನುವ ಮೇಲಧಿಕಾರಿಯ ಮಾತನ್ನು ಒಪ್ಪಲಾಗದು. ತಪ್ಪಿತಸ್ಥನಿಲ್ಲ ಎಂದ ಮಾತ್ರಕ್ಕೆ ಹೊಣೆಗಾರನೇ ಇಲ್ಲವೆಂದಾಗದು. ಜೊತೆಗೆ ಇನ್ನೊಬ್ಬರನ್ನು ಕಳಿಸುವುದು, ತರಬೇತಿ ಕೊಡುವುದು, ಕರೆಗಂಟೆ ಒದಗಿಸುವುದು ಕೆಲಸ ಕೊಟ್ಟವರ ಹೊಣೆ. ನೌಕರರ ಸುರಕ್ಷತೆಯನ್ನು ಕಾಯುವ ಕರ್ತವ್ಯವನ್ನು ಈ ದೇಶದ ಕಾನೂನು 1974ರಲ್ಲೇ ಅವರ ಮೇಲೆ ಹೊರಿಸಿದೆ.

ಶಿಕ್ಷೆಯ ಕಾನೂನುಗಳೂ ಇವೆ. ಕರ್ನಾಟಕದಲ್ಲಿ 2009ರ ಕಾಯಿದೆ ಜಾರಿಗೆ ಬಂದಾಗ ಮೂರು ವರ್ಷದವರೆಗೆ ಜೈಲು ವಿಧಿಸಿತ್ತು. ಇಂಗ್ಲೆಂಡಿನಲ್ಲಿ ತುರ್ತು ಸೇವೆಯವರ ಮೇಲಿನ ಹಲ್ಲೆಗೆ 2018ರಲ್ಲಿ ಬಂದ ಒಂದು ವರ್ಷದ ಗರಿಷ್ಠ ಶಿಕ್ಷೆ 2022ರಲ್ಲಿ ಎರಡು ವರ್ಷವಾಯಿತು. ಇವು ಬೇಕು. ಆದರೆ ಮಿಂಟೋ ಗಲಾಟೆ ನಡೆದಾಗ ಅಲ್ಲಿನ ಕಾಯಿದೆಗೆ ಹತ್ತು ವರ್ಷವಾಗಿತ್ತೆಂಬುದನ್ನು ಮರೆಯಬಾರದು. ಕಾನೂನು ಸಾಮಾನ್ಯವಾಗಿ ಪೆಟ್ಟು ಬಿದ್ದ ಮೇಲೆ ಬರುತ್ತದೆ.

ಪೆಟ್ಟಿಗೆ ಮೊದಲು ಬರಬೇಕಾದದ್ದು ಮಾತು. ಎಜ್‌ವೇರ್ ಜನರಲ್ ಆಸ್ಪತ್ರೆಯ ಅಪಘಾತ ವಿಭಾಗ 1997ರಲ್ಲಿ ಮುಚ್ಚಿತು. ಅಂದಿನಿಂದ ಇಲ್ಲಿಯವರು ತುರ್ತಿಗೆ ಬಾರ್ನೆಟ್ಟಿಗೋ ನಾರ್ತ್‌ವಿಕ್ ಪಾರ್ಕಿಗೋ ಓಡುತ್ತಾರೆ. ನೂರಕ್ಕೆ 95 ಮಂದಿಯನ್ನು ನಾಲ್ಕು ಗಂಟೆಯೊಳಗೆ ನೋಡಿ ಮುಗಿಸುವ ಗುರಿಯನ್ನು ಇಂಗ್ಲೆಂಡ್ ಒಟ್ಟಾರೆಯಾಗಿ ಮುಟ್ಟಿದ್ದು 2015ರ ಜುಲೈನಲ್ಲೇ ಕೊನೆ. ಕಾಯುವುದಕ್ಕಿಂತ, ಏಕೆ ಕಾಯುತ್ತಿದ್ದೇವೆಂದು ತಿಳಿಯದಿರುವುದು ಮನುಷ್ಯನನ್ನು ಹೆಚ್ಚು ಕೆರಳಿಸುತ್ತದೆ. ಡಿಸೈನ್ ಕೌನ್ಸಿಲ್‌ನವರು ಲಂಡನ್ನಿನ ಸೇಂಟ್ ಜಾರ್ಜ್ ಮತ್ತು ಸೌತಾಂಪ್ಟನ್ ಆಸ್ಪತ್ರೆಗಳಲ್ಲಿ ಒಂದು ಪ್ರಯೋಗ ಮಾಡಿದರು. ಈಗ ನೀವು ಯಾವ ಹಂತದಲ್ಲಿದ್ದೀರಿ, ಮುಂದೇನು, ನಿಮಗಿಂತ ನಂತರ ಬಂದವರನ್ನು ಮೊದಲು ಕರೆಯುವುದೇಕೆ ಎಂದು ಸರಳವಾಗಿ ತಿಳಿಸುವ ಫಲಕಗಳನ್ನು ಹಾಕಿದರು. ಬೆದರಿಕೆಯ ವರ್ತನೆ ಅರ್ಧಕ್ಕೆ ಇಳಿಯಿತೆಂದು 2013ರ ವರದಿ ಹೇಳಿತು. ಕಾವಲುಗಾರರನ್ನು ಹೆಚ್ಚಿಸಿದ್ದಲ್ಲ, ವಿಷಯ ತಿಳಿಸಿದ್ದು ಅಷ್ಟೇ.

ನಾವು ವೈದ್ಯರನ್ನು ದೇವರೆಂದು ಕರೆಯುವ ಜನ. ದೇವರಿಂದ ಪವಾಡ ಬೇಡುತ್ತೇವೆ, ನಡೆಯದಿದ್ದರೆ ಮುನಿಯುತ್ತೇವೆ. ರಾತ್ರಿ ಪಾಳಿಯ ಹನ್ನೊಂದನೆಯ ಗಂಟೆಯಲ್ಲಿ ನಿಂತಿರುವ ದಣಿದ ಮನುಷ್ಯರೆಂದು ಅವರನ್ನು ಕಾಣುವುದೇ ದೊಡ್ಡ ಗೌರವ.

ಕೊನೆಗೆ ಕೆಲವು ವಿನಂತಿಗಳು. ಊರಿನಿಂದ ಬಂದ ಅಪ್ಪ ಅಮ್ಮಂದಿರನ್ನು ಆಸ್ಪತ್ರೆಗೆ ಕರೆದೊಯ್ದಾಗ ಮನೆಯವರೆಲ್ಲ ಒಟ್ಟಿಗೆ ಮಾತನಾಡದೆ ಒಬ್ಬರು ಮಾತನಾಡಿ. ದೂರಿದ್ದರೆ ಬರೆದು ಕೊಡಿ, ಅದಕ್ಕೆಂದೇ ಆಸ್ಪತ್ರೆಗಳಲ್ಲಿ 'ಪಾಲ್ಸ್' ಎಂಬ ಕಚೇರಿ ಇದೆ. ಇನ್ನು ಅಲ್ಲೇ ದುಡಿಯುವ ನಮ್ಮ ಬಂಧುಗಳು ಪೆಟ್ಟು ತಿಂದರೆ ನುಂಗಿಕೊಳ್ಳಬೇಡಿ, ದಾಖಲಿಸಿ. ನಿಮ್ಮ ಸಹನೆ ದೊಡ್ಡದೇ ಇರಬಹುದು, ಆದರೆ ದಾಖಲಾಗದ ಪೆಟ್ಟು ನಾಳೆ ನಿಮ್ಮ ಜಾಗದಲ್ಲಿ ನಿಲ್ಲುವ ಹೊಸ ಹುಡುಗಿಯ ಮೇಲೂ ಬೀಳುತ್ತದೆ.