ಆಮೆಗೆ ಬಿಸಿಲು ಕೊಡುವ ಧರ್ಮ

ಮಂದರ ಪರ್ವತವನ್ನೇ ಬೆನ್ನ ಮೇಲೆ ಹೊತ್ತ ಕೂರ್ಮಾವತಾರದ ಕಥೆ ಕೇಳಿ ಬೆಳೆದ ನಮಗೆ ಆಮೆಯ ಚಿಪ್ಪು ಎಂದರೆ ಕಲ್ಲಿನಷ್ಟು ಗಟ್ಟಿ. ಆದರೆ ಅದು ಜೀವವಿರುವ ಮೂಳೆ. ಬೆನ್ನೆಲುಬು, ಪಕ್ಕೆಲುಬು ಅದರಲ್ಲೇ ಬೆಸೆದುಕೊಂಡಿವೆ. ಮುಟ್ಟಿದರೆ ಆಮೆಗೆ ತಿಳಿಯುತ್ತದೆ.

ಮಕ್ಕಳು ಕೇಳಿದರೆಂದು ಕೆನಡಾದ ಈ ಚಳಿಯಲ್ಲಿ ಮನೆಯೊಳಗೆ ಆಮೆ ಸಾಕುವವರಿದ್ದಾರೆ. ನಾವು ಇಲ್ಲಿಗೆ ಬಂದದ್ದು ನಮ್ಮ ಇಷ್ಟದಿಂದ. ಅದನ್ನು ಯಾರೂ ಕೇಳಲಿಲ್ಲ. ಹಾಗಾದರೆ ಅದಕ್ಕೆ ಸೊಪ್ಪು, ಪ್ರೀತಿ ಇಷ್ಟೇ ಸಾಕೆ?

ಸಾಲದು. ಆಮೆಯ ಮೈ ನಮ್ಮ ಮೈಯಂತೆ ತಾನೇ ಬೆಚ್ಚಗಿರಲಾರದು. ಮೆಡಿಟರೇನಿಯನ್ ಕಡೆಯ ಹರ್ಮನ್ ಆಮೆಗೆ ದೀಪದ ಕೆಳಗೆ ಸುಮಾರು 32ರಿಂದ 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಕಾವಿಲ್ಲದಿದ್ದರೆ ತಿಂದದ್ದು ಅರಗದು. ಯುವಿಬಿ ಕಿರಣವಿಲ್ಲದಿದ್ದರೆ ವಿಟಮಿನ್ ಡಿ3 ಕಡಿಮೆಯಾಗಿ, ಕ್ಯಾಲ್ಸಿಯಂ ಮೈಗೆ ಹತ್ತದೆ, ಚಿಪ್ಪು ಮೆತ್ತಗಾಗುತ್ತದೆ. ಕಿಟಕಿಯ ಬಿಸಿಲು ಸಾಲದು, ಗಾಜು ಆ ಕಿರಣವನ್ನು ತಡೆಯುತ್ತದೆ. ಹಾಗೆಂದು ಬರೀ ಒಣ ಕಾವು ಕೊಟ್ಟರೆ ಮರಿಯ ಚಿಪ್ಪು ಗುಬ್ಬಟೆಗುಬ್ಬಟೆಯಾಗಿ ಏಳುತ್ತದೆ, ತೇವವೂ ಬೇಕು.

ಇದರಲ್ಲೊಂದು ಧರ್ಮಸೂಕ್ಷ್ಮವಿದೆ. ಬಿಸಿ ಕೊಟ್ಟರೆ ಮುಗಿಯಲಿಲ್ಲ, ಬಿಸಿ ಸಾಕೆನಿಸಿದಾಗ ಸರಿದು ಹೋಗಲು ತಂಪು ಮೂಲೆಯನ್ನೂ ಕೊಡಬೇಕು. ಎಷ್ಟು ಬೇಕೆಂಬುದು ನಮಗಿಂತ ಅದಕ್ಕೇ ಚೆನ್ನಾಗಿ ಗೊತ್ತು.

ಹರ್ಮನ್ ಆಮೆ 50 ವರ್ಷ ದಾಟಿ ಬಾಳಬಲ್ಲದು. ಮಗುವಿನ ಆಸೆ ಒಂದು ರಜೆಯಷ್ಟು ಉಳಿದರೆ ಹೆಚ್ಚು. ಅಷ್ಟು ವರ್ಷ ಆ ದೀಪ ನೋಡಿಕೊಳ್ಳುವವರು ಯಾರೆಂದು ಮನೆಮಂದಿಯೆಲ್ಲ ಕೂತು ಮಾತಾಡಿ, ಆಮೇಲೆ ತನ್ನಿ. ಯಾರೂ ಒಪ್ಪದಿದ್ದರೆ, ತರದೇ ಇರುವುದೂ ಅಹಿಂಸೆಯೇ.